ಮೂರು ಬೆಕ್ಕಿಗೆ ಮೂರು ತಟ್ಟೆ



ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ಕನ್ನಡಿಗರ ಮನೆಗಳಲ್ಲಿ ಈಗ ಬೆಕ್ಕು ಸಾಕುವವರು ಬಹಳ ಜನ. ನಮ್ಮ ಊರುಗಳಲ್ಲಿ ಬೆಕ್ಕು ಮನೆಯದೇ ಆದರೂ ತನ್ನ ಹೊಟ್ಟೆಪಾಡನ್ನು ಬಹುಮಟ್ಟಿಗೆ ತಾನೇ ನೋಡಿಕೊಳ್ಳುತ್ತಿತ್ತು. ಹಟ್ಟಿಯ ಇಲಿ, ಗದ್ದೆಯ ಕಪ್ಪೆ, ಗೋಡೆಯ ಹಲ್ಲಿ, ಮೀನು ಕೊಯ್ಯುವಾಗ ಸಿಗುವ ತಲೆ ಬಾಲ, ಇವುಗಳ ಮೇಲೆ ಸಂಜೆ ಒಂದು ಹಿಡಿ ಅನ್ನಕ್ಕೆ ಹೊಯ್ದ ಹಾಲು. ಹಾಲನ್ನ ಅದರ ಊಟದ ಕೊನೆಯ ತುತ್ತಷ್ಟೇ ಆಗಿತ್ತು. ಅದೇ ಬೆಕ್ಕು ಡೊಂಬಿವಲಿಯ ನಾಲ್ಕನೇ ಮಾಳಿಗೆಯ ಒಂದು ಕೋಣೆಯ ಮನೆಗೆ ಬಂದಾಗ ಇಲಿ, ಕಪ್ಪೆ, ಹಲ್ಲಿ ಎಲ್ಲ ಊರಲ್ಲೇ ಉಳಿದವು, ಹಾಲನ್ನ ಮಾತ್ರ ಜತೆಗೆ ಬಂತು. ಇಲ್ಲಿನ ಬೆಕ್ಕುಗಳ ಆಹಾರದ ತೊಂದರೆ ಹೆಚ್ಚಾಗಿ ಶುರುವಾಗುವುದು ಇಲ್ಲಿಂದ.

ಬೆಕ್ಕು ಮಾಂಸವನ್ನೇ ನಂಬಿ ಬದುಕುವ ಪ್ರಾಣಿ. ನಾಯಿ ನಮ್ಮ ಜತೆ ಅನ್ನ, ರೊಟ್ಟಿ ತಿಂದು ಹೇಗೋ ಹೊಂದಿಕೊಳ್ಳುತ್ತದೆ, ಬೆಕ್ಕಿಗೆ ಅದು ಸಾಧ್ಯವಿಲ್ಲ. ಕ್ಯಾರೆಟ್ಟಿನ ಬಣ್ಣದಂಶದಿಂದ ನಮ್ಮ ದೇಹ ಎ ಜೀವಸತ್ವ ಮಾಡಿಕೊಳ್ಳುತ್ತದೆ, ಬೆಕ್ಕಿನ ದೇಹಕ್ಕೆ ಅದು ಬರುವುದಿಲ್ಲ. ಟಾರಿನ್ ಎಂಬ ವಸ್ತುವನ್ನೂ ಅದು ಸಾಕಷ್ಟು ತಯಾರಿಸಿಕೊಳ್ಳಲಾರದು, ಮಾಂಸ ಮೀನಿನಿಂದಲೇ ಪಡೆಯಬೇಕು. ಟಾರಿನ್ ಕಡಿಮೆಯಾದರೆ ಕಣ್ಣಿನ ಒಳಪರದೆ ಕೆಡುತ್ತದೆಂದು ೧೯೭೫ರಲ್ಲೇ ಗೊತ್ತಾಗಿತ್ತು. ೧೯೮೭ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಪಶುವೈದ್ಯ ಪಾಲ್ ಪಯಾನ್ ಮತ್ತು ಜತೆಗಾರರು ಇನ್ನೊಂದು ಸಂಗತಿ ಕಂಡುಕೊಂಡರು. ಹೃದಯ ಹಿಗ್ಗಿ, ಸೋತು ಸಾಯುತ್ತಿದ್ದ ಬೆಕ್ಕುಗಳು ಅಂಗಡಿಯ ಒಳ್ಳೆಯ ಆಹಾರವನ್ನೇ ತಿನ್ನುತ್ತಿದ್ದವು, ಆದರೆ ಅವುಗಳ ರಕ್ತದಲ್ಲಿ ಟಾರಿನ್ ತೀರ ಕಡಿಮೆಯಿತ್ತು. ಟಾರಿನ್ ಕೊಟ್ಟಾಗ ಹೃದಯ ಚೇತರಿಸಿಕೊಂಡಿತು. ಆಮೇಲೆ ಕಂಪನಿಗಳು ಬೆಕ್ಕಿನ ಆಹಾರದಲ್ಲಿ ಅದರ ಪ್ರಮಾಣ ಹೆಚ್ಚಿಸಿದವು. ಇವತ್ತು ನೀವು ಕಲ್ಯಾಣ ಸ್ಟೇಷನ್ ಬಳಿಯ ಅಂಗಡಿಯಲ್ಲಿ ಕೊಳ್ಳುವ ಪ್ಯಾಕೆಟ್ಟಿನ ಹಿಂಭಾಗದಲ್ಲಿ ಟಾರಿನ್ ಎಂದು ಅಚ್ಚಾಗಿರುವುದರ ಹಿಂದೆ ಈ ಕತೆಯಿದೆ. ಮನೆಯಲ್ಲಿ ನಾಯಿಯೂ ಇದ್ದವರು ಇದನ್ನು ನೆನಪಿಡಬೇಕು. ನಾಯಿಯ ಆಹಾರವನ್ನೇ ತಿಂಗಳುಗಟ್ಟಲೆ ಬೆಕ್ಕಿಗೂ ಹಾಕಿದರೆ ಈ ಕೊರತೆ ಬರುತ್ತದೆ.

“ನಮ್ಮ ಬೆಕ್ಕಿಗೆ ಪಾಯಸ ಅಂದರೆ ಪ್ರಾಣ” ಎನ್ನುವವರನ್ನು ನಾನು ಕೇಳಿದ್ದೇನೆ. ಬೆಕ್ಕಿಗೆ ಸಿಹಿ ತಿಳಿಯುವುದೇ ಇಲ್ಲ. ಸಿಹಿಯನ್ನು ಗುರುತಿಸುವ ಒಂದು ವಂಶವಾಹಿ ಬೆಕ್ಕಿನ ಕುಲದಲ್ಲೇ ಕೆಟ್ಟುಹೋಗಿದೆ ಎಂದು ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯವರು ೨೦೦೫ರಲ್ಲಿ ತೋರಿಸಿದರು. ಪಾಯಸದಲ್ಲಿ ಅದನ್ನು ಸೆಳೆಯುವುದು ಹಾಲಿನ ಕೊಬ್ಬು, ತುಪ್ಪದ ವಾಸನೆ. ಬೆಕ್ಕಿನ ನಾಲಿಗೆಗೆ ಚೆನ್ನಾಗಿ ಹತ್ತುವುದು ಮಾಂಸದ, ಮೀನಿನ ಸಾರದ ರುಚಿ. ಟ್ಯೂನಾ ಮೀನಿಗೆ ಬೆಕ್ಕುಗಳು ಯಾಕೆ ಮರುಳಾಗುತ್ತವೆ ಎನ್ನುವುದಕ್ಕೆ ೨೦೨೩ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದೇ ರುಚಿಯನ್ನು ಕಾರಣವಾಗಿ ಕೊಟ್ಟಿತು. ಇನ್ನು ಹಾಲು. ಬೆಳೆದ ಬೆಕ್ಕುಗಳಲ್ಲಿ ಬಹುಪಾಲಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ. ಹಾಲು ಕುಡಿದ ರಾತ್ರಿ ಹೊಟ್ಟೆ ಕೆಡುವ ಬೆಕ್ಕಿಗೆ ಬೇಕಿರುವುದು ಔಷಧಿಯಲ್ಲ, ಹಾಲು ನಿಲ್ಲಿಸುವುದು.

ಈಗ ತುಸು ಸೂಕ್ಷ್ಮವಾದ ವಿಷಯ. ಡೊಂಬಿವಲಿಯಲ್ಲಿ, ಠಾಣೆಯಲ್ಲಿ ಮನೆಯೊಳಗೆ ಮೊಟ್ಟೆಯನ್ನೂ ತರದ ಕನ್ನಡ ಕುಟುಂಬಗಳು ಬಹಳಷ್ಟಿವೆ. ಅವರ ಆಚಾರವನ್ನು ನಾನು ಗೌರವಿಸುತ್ತೇನೆ. ಆದರೆ ಆ ಆಚಾರವನ್ನು ಬೆಕ್ಕಿನ ಮೇಲೆ ಹೇರಬಾರದು ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಮೊಸರನ್ನ, ಪನೀರು, ಚಪಾತಿ ಚೂರು ತಿಂದು ಬೆಕ್ಕು ವರ್ಷಗಟ್ಟಲೆ ಬದುಕಿದಂತೆ ಕಾಣಬಹುದು, ಆದರೆ ಒಳಗೆ ಹೃದಯ, ಕಣ್ಣು ಸವೆಯುತ್ತಿರುತ್ತವೆ. ಬೇಯಿಸಿದ ಮೊಟ್ಟೆಯಲ್ಲಿ ಒಳ್ಳೆಯ ಪ್ರೋಟೀನು ಇದ್ದರೂ ಟಾರಿನ್ ಇಲ್ಲವೆನ್ನುವಷ್ಟು ಕಡಿಮೆ. ಮಾಂಸ ಮುಟ್ಟಲು ಮನಸ್ಸಾಗದವರಿಗೆ ಬೆಕ್ಕಿಗೆಂದೇ ಮಾಡಿದ, ಕಾಳಿನಂಥ ಒಣ ಆಹಾರದ ಪ್ಯಾಕೆಟ್ ಇದೆ. ಬೆಕ್ಕಿಗೆಂದೇ ಒಂದು ತಟ್ಟೆ, ಒಂದು ಚಮಚ, ಬಾಲ್ಕನಿಯಲ್ಲಿ ಒಂದು ಮೂಲೆ ಇಟ್ಟುಕೊಂಡು ಅಡುಗೆಮನೆಯ ಮಡಿ ಉಳಿಸಿಕೊಂಡಿರುವ ಹಿರಿಯರನ್ನು ನಾನು ಬಲ್ಲೆ. ಅವರ ಮನೆಯ ಬೆಕ್ಕಿನ ಮೈ ಮಿರಮಿರ ಮಿಂಚುತ್ತದೆ. ಅದಕ್ಕೂ ಮನಸ್ಸು ಒಪ್ಪದಿದ್ದರೆ ಬೆಕ್ಕನ್ನು ಸಾಕದಿರುವುದೇ ಆ ಜೀವಕ್ಕೆ ಮಾಡುವ ಉಪಕಾರ.

ನಮ್ಮ ಮನೆಯಲ್ಲಿ ಮೂರು ಬೆಕ್ಕುಗಳಿವೆ. ಬೆಳ್ಳಿ ಹದಿಮೂರು ವರ್ಷದ ಮುದುಕಿ, ಮೂತ್ರಪಿಂಡ ಸೋಲತೊಡಗಿದೆ. ಗುಂಡ ಸಂತಾನಹರಣದ ಶಸ್ತ್ರಚಿಕಿತ್ಸೆಯಾದ ಗಂಡು, ಹೆಸರಿಗೆ ತಕ್ಕ ಮೈ. ಮೂರನೆಯದು ಜೀರಿಗೆ, ನಾಲ್ಕು ತಿಂಗಳ ಮರಿ, ಮೀನು ಮಾರ್ಕೆಟ್ಟಿನ ಬಳಿ ಹುಟ್ಟಿದ್ದು. ಮೂವರಿಗೂ ಒಂದೇ ಬಟ್ಟಲಲ್ಲಿ ಒಂದೇ ಆಹಾರ ಸುರಿದರೆ ಮೂವರಿಗೂ ಅನ್ಯಾಯವಾಗುತ್ತದೆ. ಯಾಕೆಂದು ಒಬ್ಬೊಬ್ಬರಾಗಿ ಹೇಳುತ್ತೇನೆ.

ಜೀರಿಗೆ ಬೆಳೆಯುತ್ತಿರುವ ಮರಿ. ತೂಕಕ್ಕೆ ಹೋಲಿಸಿದರೆ ದೊಡ್ಡ ಬೆಕ್ಕಿನ ಸುಮಾರು ಎರಡರಷ್ಟು ಶಕ್ತಿ ಅವಳಿಗೆ ಬೇಕು. ಹೊಟ್ಟೆ ಮಾತ್ರ ಚಿಕ್ಕದು. ಹಾಗಾಗಿ ದಿನಕ್ಕೆ ನಾಲ್ಕು ಸಲ, ಮರಿಗಳಿಗೆಂದೇ ಮಾಡಿದ ಆಹಾರ. ಕಾಳು, ಪೌಚಿನ ಮೆತ್ತಗಿನ ತುಂಡು, ನುಣ್ಣಗೆ ಅರೆದದ್ದು, ಕೋಳಿ, ಮೀನು ಎಲ್ಲವನ್ನೂ ಈ ವಯಸ್ಸಿನಲ್ಲೇ ಸ್ವಲ್ಪ ಸ್ವಲ್ಪ ತೋರಿಸಬೇಕು. ಮರಿಯಾಗಿದ್ದಾಗ ಬಾಯಿಗೆ ಬೀಳದ ಆಹಾರವನ್ನು ದೊಡ್ಡದಾದ ಮೇಲೆ ಬೆಕ್ಕು ಆಹಾರವೆಂದೇ ಒಪ್ಪದಿರಬಹುದು. ಮುಂದೆ ಕಾಯಿಲೆ ಬಿದ್ದು ಆಹಾರ ಬದಲಿಸಬೇಕಾದಾಗ ಈ ತಯಾರಿ ಕೈಹಿಡಿಯುತ್ತದೆ.

ಗುಂಡನದು ಬೇರೆ ಲೆಕ್ಕ. ಶಸ್ತ್ರಚಿಕಿತ್ಸೆಯಾದ ಮೇಲೆ ಬೆಕ್ಕಿಗೆ ಬೇಕಾಗುವ ಶಕ್ತಿ ಕಾಲುಭಾಗದಷ್ಟು ಇಳಿಯುತ್ತದೆ, ಹಸಿವು ಮಾತ್ರ ಏರುತ್ತದೆ. ಮನೆಯೊಳಗೇ ಇರುವ ನಾಲ್ಕು ಕಿಲೋ ತೂಕದ ಇಂಥ ಬೆಕ್ಕಿಗೆ ದಿನಕ್ಕೆ ಸುಮಾರು ೨೦೦ ಕ್ಯಾಲರಿ ಸಾಕು. ಒಣ ಕಾಳಿನಲ್ಲಾದರೆ ೫೦ರಿಂದ ೫೫ ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿ, ಇಷ್ಟೇನಾ ಅನ್ನಿಸುತ್ತದೆ. ಬಟ್ಟಲು ಖಾಲಿಯಾದಾಗಲೆಲ್ಲ ತುಂಬುವ ಮನೆಯಲ್ಲಿ ಬೆಕ್ಕು ಇದರ ಎರಡರಷ್ಟು ತಿನ್ನುವುದು ಕಷ್ಟವಲ್ಲ. ಬೊಜ್ಜಿನ ಹಿಂದೆ ಸಕ್ಕರೆ ಕಾಯಿಲೆ, ಕೀಲುನೋವು ಬರುತ್ತವೆ. ಆದರೆ ದಪ್ಪ ಬೆಕ್ಕನ್ನು ಉಪವಾಸ ಕೆಡವಿ ಇಳಿಸಲು ಹೋಗಬೇಡಿ. ಎರಡು ಮೂರು ದಿನ ತಿನ್ನದಿದ್ದರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ನುಗ್ಗಿ, ಕಣ್ಣು ಕಿವಿ ಹಳದಿಯಾಗಿ, ಜೀವಕ್ಕೇ ಅಪಾಯವಾಗುತ್ತದೆ. ವಾರಕ್ಕೆ ನೂರರಲ್ಲಿ ಒಂದು ಪಾಲು ತೂಕ ಇಳಿದರೆ ಸಾಕು.

ಗಂಡು ಬೆಕ್ಕಿನ ವಿಷಯದಲ್ಲಿ ನೀರಿನ ಚಿಂತೆಯೂ ಇದೆ. ಅದರ ಮೂತ್ರನಾಳ ಬಹಳ ಸಪೂರ. ಮೂತ್ರ ಗಟ್ಟಿಯಾಗಿ ಹರಳು ಕಟ್ಟಿದರೆ ನಾಳ ಮುಚ್ಚಿಹೋಗುತ್ತದೆ. ಮತ್ತೆ ಮತ್ತೆ ಮರಳಿನ ತಟ್ಟೆಯಲ್ಲಿ ಕೂತು ಮುಕ್ಕರಿದರೂ ಹನಿ ಬೀಳದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ಆ ಹೊತ್ತಿಗೇ ವೈದ್ಯರಲ್ಲಿಗೆ ಒಯ್ಯಿರಿ. ನಾಲ್ಕು ಕಿಲೋದ ಬೆಕ್ಕಿಗೆ ದಿನಕ್ಕೆ ೨೦೦ ಮಿಲಿಲೀಟರಿನಷ್ಟು ನೀರು ಬೇಕು. ೮೦ ಗ್ರಾಮಿನ ಮೂರು ಪೌಚಿನಲ್ಲಿ ಹತ್ತಿರ ಹತ್ತಿರ ಅಷ್ಟೂ ನೀರು ಇರುತ್ತದೆ. ೫೦ ಗ್ರಾಂ ಒಣ ಕಾಳಿನಲ್ಲಿರುವುದು ಐದು ಮಿಲಿಲೀಟರ್, ಒಂದು ಟೀ ಚಮಚ. ಉಳಿದದ್ದನ್ನು ಬೆಕ್ಕು ಕುಡಿಯಬೇಕು, ಅದಕ್ಕೋ ಬಾಯಾರಿಕೆಯೇ ಕಡಿಮೆ. ದಿನಕ್ಕೆ ಮೂರು ಪೌಚು ಎಲ್ಲರ ಸಂಬಳಕ್ಕೂ ನಿಲುಕುವ ಖರ್ಚಲ್ಲ, ನನಗೆ ಗೊತ್ತು. ದಿನಕ್ಕೆ ಒಂದೇ ಪೌಚು ಕೊಡಿ, ಅದಕ್ಕೆ ಎರಡು ಚಮಚ ಬೆಚ್ಚಗಿನ ನೀರು ಕಲಸಿ, ಉಳಿದದ್ದು ಕಾಳು. ನೀರಿನ ಬಟ್ಟಲನ್ನು ಊಟದ ತಟ್ಟೆಯಿಂದ ದೂರ, ಎರಡು ಮೂರು ಕಡೆ ಇಡಿ.

ಬೆಳ್ಳಿಗೆ ಬೇಕಿರುವುದು ರಂಜಕದ ಅಂಶ ಕಡಿಮೆಯಿರುವ ಆಹಾರ. ಸೋತ ಮೂತ್ರಪಿಂಡಕ್ಕೆ ರಂಜಕವನ್ನು ಹೊರಹಾಕುವುದು ಕಷ್ಟ. ಇದಕ್ಕೆಂದೇ ಮಾಡಿದ ಆಹಾರವನ್ನು ವೈದ್ಯರು ರಕ್ತಪರೀಕ್ಷೆ ನೋಡಿ ಹೇಳುತ್ತಾರೆ. ಬೆಕ್ಕಿಗೆ ವಯಸ್ಸಾಯಿತೆಂದು ಪರೀಕ್ಷೆಯಿಲ್ಲದೆ ನಾವೇ ಪ್ರೋಟೀನು ಕಡಿಮೆ ಮಾಡಬಾರದು. ಹತ್ತು ಹನ್ನೆರಡು ವರ್ಷ ದಾಟಿದ ಅನೇಕ ಬೆಕ್ಕುಗಳಿಗೆ ತಿಂದದ್ದು ಮೈಗೆ ಹತ್ತುವುದು ಕಡಿಮೆಯಾಗಿ ಮಾಂಸಖಂಡ ಕರಗುತ್ತದೆ, ಅವಕ್ಕೆ ಒಳ್ಳೆಯ ಪ್ರೋಟೀನು ಮೊದಲಿಗಿಂತ ಹೆಚ್ಚು ಬೇಕು. ತೊಡಕೆಂದರೆ ಮೂತ್ರಪಿಂಡದ ಆಹಾರ ಬೆಕ್ಕುಗಳಿಗೆ ರುಚಿಸುವುದು ಕಡಿಮೆ. ವಾಕರಿಕೆ ಇರುವ ದಿನ ಹೊಸ ಆಹಾರ ಇಡಲೇಬಾರದು. ಆ ಸಂಕಟ ಈ ಊಟದಿಂದಲೇ ಬಂತೆಂದು ಬೆಕ್ಕು ನೆನಪಿಟ್ಟುಕೊಂಡು ಮುಂದೆ ಅದನ್ನು ಮೂಸಿಯೂ ನೋಡುವುದಿಲ್ಲ. ಬೆಳ್ಳಿಗೆ ವಾಸನೆಯೂ ಮಂದವಾಗಿದೆ. ಫ್ರಿಜ್ಜಿನಿಂದ ತೆಗೆದ ಪೌಚನ್ನು ತಟ್ಟೆಗೆ ಹಾಕಿ, ತಟ್ಟೆಯನ್ನು ಬಿಸಿನೀರಿನ ಪಾತ್ರೆಯ ಮೇಲೆ ಇಟ್ಟು, ಬೆರಳಿಗೆ ಉಗುರುಬೆಚ್ಚಗೆ ಹತ್ತುವಷ್ಟಾದಾಗ ಮುಂದಿಡುತ್ತೇನೆ. ಈಗಷ್ಟೇ ಹಿಡಿದ ಬೇಟೆಯ ಮೈ ಎಷ್ಟು ಬಿಸಿಯಿರುತ್ತದೋ ಅಷ್ಟು. ವಾಸನೆ ಎದ್ದಾಗ ಅವಳ ಮೂಗಿನ ಹೊಳ್ಳೆ ಅಲುಗುತ್ತದೆ, ಆಮೇಲೆ ನಾಲಿಗೆ ಹೊರಬರುತ್ತದೆ. ಒಂದು ದಿನ ಏನು ಮಾಡಿದರೂ ಆ ಆಹಾರ ಮುಟ್ಟದಿದ್ದರೆ ಅವಳು ತಿನ್ನುವುದನ್ನು ಕೊಡುತ್ತೇನೆ. ಸರಿಯಾದ ಆಹಾರ ತಿನ್ನದೆ ಹಸಿದಿರುವುದಕ್ಕಿಂತ ಬೇರೆ ಆಹಾರ ತಿಂದು ಹೊಟ್ಟೆ ತುಂಬಿಸಿಕೊಳ್ಳುವುದು ಮೇಲು ಎಂದು ವೈದ್ಯರೂ ಹೇಳುತ್ತಾರೆ.

ಒಂದು ಕೋಣೆಯ ಮನೆಯಲ್ಲಿ ಮೂವರಿಗೆ ಬೇರೆ ಬೇರೆ ಬಡಿಸುವುದು ಹೇಗೆ? ಬೆಳ್ಳಿಗೆ ಅಡುಗೆಮನೆ, ಬಾಗಿಲು ಹಾಕಿ. ಗುಂಡನಿಗೆ ಹಾಲ್. ಜೀರಿಗೆಗೆ ಕಿಟಕಿಯ ಬಳಿಯ ಕಪಾಟಿನ ಮೇಲೆ, ಗುಂಡ ಹಾರಲಾರದ ಎತ್ತರದಲ್ಲಿ. ಅರ್ಧ ಗಂಟೆಯಾದ ಮೇಲೆ ತಟ್ಟೆಗಳನ್ನು ಎತ್ತಿಬಿಡಬೇಕು. ಎತ್ತದಿದ್ದರೆ ಗುಂಡ ಮೂರೂ ತಟ್ಟೆ ಮುಗಿಸುತ್ತಾನೆ. ಬೆಳಿಗ್ಗೆ ಲೋಕಲ್ ಹಿಡಿಯುವ ಗಡಿಬಿಡಿಯಲ್ಲಿ ಇದೆಲ್ಲ ಆಗುತ್ತದೆಯೇ ಎಂದು ಕೇಳುವಿರಿ. ಆಗುತ್ತದೆ. ಚಹಾ ಕುದಿಯಲು ಇಟ್ಟಾಗ ತಟ್ಟೆ ಇಟ್ಟರೆ ನಾವು ಸ್ನಾನ ಮುಗಿಸುವಷ್ಟರಲ್ಲಿ ಅವರ ಊಟವೂ ಮುಗಿದಿರುತ್ತದೆ. ಹಗಲೆಲ್ಲ ಮನೆಯಲ್ಲಿ ಯಾರೂ ಇರದವರು ಪೌಚಿನ ಆಹಾರ ತೆರೆದಿಟ್ಟು ಹೋಗಬಾರದು. ಮೇ ತಿಂಗಳ ಸೆಕೆಯಲ್ಲಿ ಅದು ಒಂದು ಗಂಟೆಯಲ್ಲೇ ಹುಳಿ ವಾಸನೆ ಹೊಡೆಯುತ್ತದೆ. ಕಾಳಿಗೂ ಮಳೆಗಾಲದಲ್ಲಿ ಮುಗ್ಗು ಹಿಡಿಯುತ್ತದೆ. ಸಸ್ತಾ ಎಂದು ದೊಡ್ಡ ಚೀಲ ತರುವುದಕ್ಕಿಂತ ತಿಂಗಳಲ್ಲಿ ಮುಗಿಯುವ ಚೀಲ ತಂದು, ಅದೇ ಚೀಲದ ಸಮೇತ ಬಿಗಿಮುಚ್ಚಳದ ಡಬ್ಬಿಯಲ್ಲಿಡುವುದು ಒಳ್ಳೆಯದು.

ಅಂಗಡಿಯಲ್ಲಿ ಪ್ಯಾಕೆಟ್ ಆರಿಸುವುದು ಹೇಗೆ ಎಂಬ ಪ್ರಶ್ನೆ ಎಲ್ಲರದೂ. ಮುಂಭಾಗದ ಚಿತ್ರ ನೋಡಬೇಡಿ, ಹಿಂಭಾಗ ಓದಿ. ಮೊದಲು, ಅದು ಪೂರ್ಣ ಆಹಾರವೋ, ನಡುವೆ ಕೊಡುವ ತಿಂಡಿಯೋ ನೋಡಿ. ಉದ್ದ ಕೊಳವೆಯಲ್ಲಿ ಬರುವ ಕೆನೆಯಂಥ ತಿಂಡಿಯನ್ನು ಬೆಕ್ಕುಗಳು ಮೈಮರೆತು ನೆಕ್ಕುತ್ತವೆ, ಅದು ಊಟವಲ್ಲ. ಎರಡನೆಯದಾಗಿ ಪ್ರೋಟೀನು. ಪೌಚಿನ ಮೇಲೆ ನೂರಕ್ಕೆ ೮, ಕಾಳಿನ ಚೀಲದ ಮೇಲೆ ನೂರಕ್ಕೆ ೩೨ ಎಂದಿರುತ್ತದೆ. ಕಾಳೇ ಮೇಲು ಎಂದು ಹಲವರು ಭಾವಿಸುತ್ತಾರೆ. ನೀರನ್ನು ಕಳೆದು ನೋಡಿ. ಪೌಚಿನಲ್ಲಿ ೮೨ ಪಾಲು ನೀರು, ಉಳಿದ ೧೮ರಲ್ಲಿ ೮ ಪ್ರೋಟೀನು, ಅಂದರೆ ನೂರಕ್ಕೆ ೪೪. ಕಾಳಿನಲ್ಲಿ ನೀರು ೧೦, ಉಳಿದ ೯೦ರಲ್ಲಿ ೩೨, ಅಂದರೆ ನೂರಕ್ಕೆ ೩೫ರ ಮೇಲೆ ಚೂರು. ಈ ಒಂದು ಲೆಕ್ಕ ಬಂದರೆ ಯಾವ ಕಂಪನಿಯ ಜಾಹೀರಾತೂ ನಿಮ್ಮನ್ನು ದಾರಿ ತಪ್ಪಿಸದು.

ಇನ್ನು ಮೀನು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ನಮ್ಮ ಈ ಭಾಗದ ಬೆಕ್ಕುಗಳ ಬದುಕೇ ಮೀನಿನೊಂದಿಗೆ ಹೆಣೆದುಕೊಂಡಿದೆ. ಠಾಣೆಯ ಚೆಂದಣಿ ಕೋಳಿವಾಡ, ಬೇಲಾಪುರದ ದಿವಾಳೆ, ಊರೂರಿನ ಮೀನು ಮಾರ್ಕೆಟ್ಟು, ಇವುಗಳ ಸುತ್ತ ಬೆಕ್ಕುಗಳು ಮಂದೇಲಿ, ಬೊಂಬಿಲ್, ಸೀಗಡಿ ತಲೆ ತಿಂದೇ ಬೆಳೆಯುತ್ತವೆ. ಮೀನಿನ ಹೆಂಗಸರು ಕೊಯ್ಯುತ್ತ ಕೊಯ್ಯುತ್ತ ಹಿಂದಕ್ಕೆ ಎಸೆಯುವ ಕರುಳಿಗೆ ಐದಾರು ಬೆಕ್ಕು ಕಾದಿರುತ್ತವೆ. ಕರಾವಳಿಯಿಂದ ಬಂದ ನಮ್ಮವರ ಮನೆಯಲ್ಲೂ ಬಂಗುಡೆ, ಭೂತಾಯಿ ತಂದ ದಿನ ಬೆಕ್ಕಿಗೆ ಹಬ್ಬ. ಕೊಡಿ, ಬೇಡವೆನ್ನುವುದಿಲ್ಲ, ಆದರೆ ಬೇಯಿಸಿ, ಉಪ್ಪು ಖಾರ ಹಾಕದೆ, ದಪ್ಪ ಮುಳ್ಳು ಬಿಡಿಸಿ. ಭೂತಾಯಿಯ ಬಳಗದ ಮೀನುಗಳನ್ನು ಹಸಿಯಾಗಿ ದಿನವೂ ಹಾಕಿದರೆ ಅವುಗಳಲ್ಲಿರುವ ಒಂದು ಕಿಣ್ವ ಬಿ೧ ಜೀವಸತ್ವವನ್ನು ಹಾಳು ಮಾಡುತ್ತದೆ. ಬೆಕ್ಕಿನ ಕತ್ತು ಕೆಳಕ್ಕೆ ಬಾಗಿ ಮೇಲೇಳದಂತಾಗುತ್ತದೆ, ತೂರಾಡುತ್ತದೆ. ಬೇಯಿಸಿದರೆ ಆ ಕಿಣ್ವ ನಾಶವಾಗುತ್ತದೆ. ಉಪ್ಪು ಹಚ್ಚಿ ಒಣಗಿಸಿದ ಮೀನಿನಲ್ಲಿ ಉಪ್ಪು ವಿಪರೀತ, ಅದನ್ನು ದಿನದ ಆಹಾರ ಮಾಡಬೇಡಿ. ಬರೀ ಮೀನು ತಿಂದು ಬೆಳೆದ ಬೆಕ್ಕಿಗೆ ಇ ಜೀವಸತ್ವದ ಕೊರತೆಯೂ ಆಗುತ್ತದೆ.

ಮೀನನ್ನೇ ನೆಚ್ಚಿದ ಬೆಕ್ಕಿಗೆ ಕಷ್ಟಕಾಲ ಜೂನಿನಲ್ಲಿ ಬರುತ್ತದೆ. ಜೂನ್ ೧ರಿಂದ ಜುಲೈ ೩೧ರ ವರೆಗೆ ೬೧ ದಿನ ಮಳೆಗಾಲದ ಮೀನುಗಾರಿಕೆ ನಿಷೇಧ, ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಕಡಿಮೆ, ಬೆಲೆ ದುಪ್ಪಟ್ಟು. ಅದು ಮುಗಿಯುವ ಹೊತ್ತಿಗೆ ಶ್ರಾವಣ, ಮರಾಠಿ ಮನೆಗಳಲ್ಲಿ ತಿಂಗಳಿಡೀ ಮೀನು ಮಾಂಸ ಬಿಡುವವರು ಬಹಳ. ಮನೆಯ ಎಂಜಲು ಮೀನನ್ನು ನಂಬಿದ ಕಾಂಪೌಂಡಿನ ಬೆಕ್ಕುಗಳಿಗೆ ಜೂನಿನಿಂದ ಸುಮಾರು ಮೂರು ತಿಂಗಳು ಬರಗಾಲ. ಹೆರಿಗೆಯಾದ ತಾಯಿಬೆಕ್ಕುಗಳು ಬಡಕಲಾಗಿ, ಹಾಲು ಬತ್ತಿ, ಮರಿಗಳು ಜಿನುಗು ಮಳೆಯಲ್ಲಿ ಸೊರಗುವುದನ್ನು ಈ ತಿಂಗಳುಗಳಲ್ಲಿ ನೋಡಲಾಗುವುದಿಲ್ಲ. ಮನೆಯ ಬೆಕ್ಕಿನ ಮಟ್ಟಿಗೆ ಮೇ ತಿಂಗಳಲ್ಲೇ ತಯಾರಿ ಬೇಕು. ಮೀನಿಗೆ ಮೊದಲ ಎರಡು ದಿನ ನಾಲ್ಕರಲ್ಲೊಂದು ಪಾಲು ಹೊಸ ಆಹಾರ ಬೆರೆಸಿ, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು, ಹೀಗೆ ಏಳರಿಂದ ಹತ್ತು ದಿನಗಳಲ್ಲಿ ಪೂರ್ತಿ ದಾಟಿಸಿ. ಹಟಮಾರಿಗಳಿಗೆ ತಿಂಗಳೇ ಹಿಡಿಯಬಹುದು. ಮೀನು ಬೇಯಿಸಿದ ನೀರನ್ನು ಕಾಳಿನ ಮೇಲೆ ಹನಿಸಿದರೆ ಅರ್ಧ ಕೆಲಸ ಹಗುರವಾಗುತ್ತದೆ. ಕಾಂಪೌಂಡಿನ ಬೆಕ್ಕುಗಳಿಗೆ ಆ ತಿಂಗಳುಗಳಲ್ಲಿ ನಾಲ್ಕು ಮನೆಯವರು ಸೇರಿ ಒಂದು ಚೀಲ ಕಾಳು ಕೊಂಡರೂ ದೊಡ್ಡ ಸಹಾಯ.

ಚಿಕನ್ ಅಂಗಡಿಯಲ್ಲಿ ಸಸ್ತಾ ಸಿಗುವ ಕಲೇಜಿ-ಪೋಟಾ, ಅಂದರೆ ಕೋಳಿಯ ಯಕೃತ್ತು ಮತ್ತು ಜಠರ, ಬೇಯಿಸಿ ಹಾಕುವವರೂ ಇದ್ದಾರೆ. ಪೋಟಾ, ಹೃದಯ, ತೊಡೆಯ ಮಾಂಸ ಒಳ್ಳೆಯವು. ಎದೆಯ ಬಿಳಿ ಮಾಂಸಕ್ಕಿಂತ ಇವುಗಳಲ್ಲಿ ಟಾರಿನ್ ಹೆಚ್ಚು. ಟಾರಿನ್ ನೀರಿನಲ್ಲಿ ಕರಗುವುದರಿಂದ ಬೇಯಿಸಿದ ನೀರನ್ನು ಚೆಲ್ಲದೆ ಅದರಲ್ಲೇ ಕಲಸಿ ಕೊಡಿ. ಕಲೇಜಿ ಮಾತ್ರ ವಾರಕ್ಕೊಮ್ಮೆ, ಒಂದು ಸಣ್ಣ ತುಂಡು. ದಿನವೂ ತಿಂದರೆ ಎ ಜೀವಸತ್ವ ಮಿತಿಮೀರಿ ಕತ್ತಿನ ಮೂಳೆಗಳು ಬೆಸೆದುಕೊಳ್ಳುತ್ತವೆ. ಬರೀ ಮಾಂಸದಲ್ಲಿ ಸುಣ್ಣದಂಶ ತೀರ ಕಡಿಮೆ. ಅದನ್ನೇ ತಿಂದು ಬೆಳೆದ ಮರಿಯ ಕಾಲಿನ ಮೂಳೆ ಸಣ್ಣ ಜಿಗಿತಕ್ಕೂ ಮುರಿಯುತ್ತದೆ. ಹಾಗಾಗಿ ಮನೆಯ ಮಾಂಸ ಮೀನು ದಿನದ ಆಹಾರದ ಹತ್ತರಲ್ಲೊಂದು ಪಾಲು ಇರಲಿ, ಪೂರ್ತಿ ಮನೆಯಡುಗೆಯನ್ನೇ ಕೊಡುವ ಆಸೆಯಿದ್ದರೆ ಏನೇನು ಬೆರೆಸಬೇಕೆಂದು ಪಶುವೈದ್ಯರಿಂದ ಬರೆಸಿಕೊಳ್ಳಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು, ಪಲ್ಯ, ಗಸಿ ಯಾವುದೂ ಬೆಕ್ಕಿನ ತಟ್ಟೆಗೆ ಬೇಡ. ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದ ಕೋಳಿಮೂಳೆಯೂ ಬೇಡ, ಸೀಳಿ ಗಂಟಲಿಗೆ ಚುಚ್ಚುತ್ತದೆ.

ಸೊಸೈಟಿಗಳಲ್ಲಿ ಮೆಟ್ಟಿಲ ಮೇಲೆ ಸಾರನ್ನ ಸುರಿಯುವುದರಿಂದ ಜಗಳವೂ ಬರುತ್ತದೆ, ಬೆಕ್ಕಿಗೂ ಕೆಡುಕು. ೨೦೨೩ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ವಸತಿ ಸಂಘವೇ ಅಲ್ಲಿನ ಸಮುದಾಯ ಪ್ರಾಣಿಗಳಿಗೆ ಆಹಾರ ಕೊಡುವ ಜಾಗ, ಹೊತ್ತು ಗೊತ್ತುಮಾಡಬೇಕು. ಮೆಟ್ಟಿಲು, ಗೇಟು, ಮಕ್ಕಳು ಆಡುವ ಜಾಗ ಬಿಟ್ಟು. ತಟ್ಟೆಯಲ್ಲಿ ಕೊಟ್ಟು, ತಿಂದಾದ ಮೇಲೆ ತೊಳೆದಿಟ್ಟರೆ ಆಕ್ಷೇಪಿಸುವವರ ದನಿಯೂ ತಗ್ಗುತ್ತದೆ.

ಕೊನೆಯದಾಗಿ ವೈದ್ಯರ ಬಗ್ಗೆ. ಮರಿಯಾಗಲಿ ದೊಡ್ಡ ಬೆಕ್ಕಾಗಲಿ ಒಂದು ದಿನ ಏನೂ ತಿನ್ನದಿದ್ದರೆ ಅದನ್ನು ರುಚಿಯ ಹಟವೆಂದುಕೊಳ್ಳಬೇಡಿ, ಕಾಯಿಲೆಯಿರಬಹುದು. ನಿಮ್ಮ ಬಡಾವಣೆಯ ಪಶುವೈದ್ಯರಿಗೆ ತೋರಿಸಿ. ದೊಡ್ಡ ಪರೀಕ್ಷೆ ಬೇಕಾದಾಗ ಮಧ್ಯ ರೈಲ್ವೆಯಲ್ಲೇ ಪರೇಲಿಗೆ ಹೋಗಬಹುದು. ೧೮೮೬ರಲ್ಲಿ ಶುರುವಾದ ಮುಂಬಯಿ ಪಶುವೈದ್ಯಕೀಯ ಕಾಲೇಜೂ ಬಾಯಿ ಸಾಕರಬಾಯಿ ದಿನ್ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆಯೂ ಅಲ್ಲೇ ಇವೆ. ಹೋಗುವಾಗ ಬೆಕ್ಕು ತಿನ್ನುವ ಆಹಾರದ ಪ್ಯಾಕೆಟ್ಟನ್ನೇ ಜತೆಗೆ ಒಯ್ಯಿರಿ. ದಿನಕ್ಕೆ ಎಷ್ಟು ಗ್ರಾಂ ಕೊಡುತ್ತೀರಿ, ಮೂತ್ರ ಎಷ್ಟು ಸಲ, ಕಳೆದ ತಿಂಗಳ ತೂಕ ಎಷ್ಟು ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ತೂಕ ನೋಡಲು ಬೇರೆ ಯಂತ್ರ ಬೇಡ. ಬೆಕ್ಕನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ಆಮೇಲೆ ನೀವೊಬ್ಬರೇ ನಿಂತು, ಕಳೆದರೆ ಆಯಿತು. ವೈದ್ಯರು ಮೊದಲು ಕೇಳುವುದು ಇವನ್ನೇ.